ಮನಿಗಿ ಯಾವ ಕಾರ್ ಬರೋಬರಿ: ಅಕ್ಕನ್ನ ಹಿಂದಿನ ಸೀಟಿನಾಗ ಕೂಡಿಸಿ ನೋಡಿದ ನಾಕು ಗಾಡಿ

ಯಾದಗಿರಿಯಿಂದ ನಮ್ಮ ಅಳಿಯ, ಅಂದ್ರ ಅಕ್ಕನ ಮಗ, ದಸರಾ ಹತ್ತಿರ ಬಂದಾಗ ಫೋನ್ ಮಾಡಿ "ಮಾಮಾ, ಸಣ್ಣ ಗಾಡಿಗಿ ಜಿಎಸ್‌ಟಿ ಇಳದದ, ಎಲ್ಲಾ ಸೇರಿ ಹತ್ತು ಲಕ್ಷದಾಗ ರೋಡಿಗಿ ಬರಬೇಕು, ದಿನಾ ಓಡಬೇಕು, ನಡುದಾರ್ಯಾಗ ಕೈ ಕೊಡಬಾರ್ದು, ಯಾವ್ದು ತಗೊಳ್ಳಿ ಹೇಳ್ರಿ" ಅಂದ. ನಾ ಕಲಬುರಗಿಯಾಗ 2019ರ ಮಾರುತಿ ವ್ಯಾಗನ್ಆರ್ ಇಟ್ಟೀನಿ, 1.2 ಇಂಜಿನ್ದು, 78 ಸಾವಿರ ಕಿಲೋಮೀಟರ್ ಆಗ್ಯಾದ, ಮತ್ತ ಮನಿ ಮಂದಿ, ಗೆಳೆಯರು ಯಾರರ ಗಾಡಿ ತಗೊಳ್ಳೋದಿದ್ರ ಸಂಗಟ ನಾನೂ ಹೋಗ್ತೀನಿ, ಅದಕ್ಕ ನನಗೇ ಕೇಳ್ತಾರ. ಹೆಸರು ಹೇಳೋದು ಸುಲಭ ಇತ್ತು ಆದ್ರ ನಾ ಹೇಳಲಿಲ್ಲ, ಮೊದಲು ನೀ ನನಗ ಹೇಳು ಅಂದೆ, ದಿನಾ ಎಷ್ಟು ಓಡ್ತದ, ಹಿಂದಿನ ಸೀಟಿನಾಗ ಯಾರು ಕೂಡ್ತಾರ, ರಾತ್ರಿ ಗಾಡಿ ಎಲ್ಲಿ ನಿಂದ್ರಸ್ತಿ, ಕೆಟ್ಟರ ಯಾರ ಹತ್ರ ಒಯ್ತಿ.

ಅವಂದು ಹಿಂಗದ ನೋಡ್ರಿ. ದಿನಾ ಕೆಲಸಕ್ಕ ಶಹಾಪುರಕ್ಕ ಹೋಗಿ ಬರೋದು, ಎರಡೂ ಕಡಿ ಸೇರಿ 70 ಕಿಲೋಮೀಟರ್ ಆಜುಬಾಜು. ಹದಿನೈದು ದಿನಕ್ಕೊಮ್ಮಿ ಅಕ್ಕನ್ನ ಕಲಬುರಗಿ ದವಾಖಾನಿಗಿ ಕರ್ಕೊಂಡು ಬರಬೇಕು, ಆಕಿಗಿ ಎರಡೂ ಮೊಣಕಾಲು ಸವದಾವ, ವಾಕರ್ ಸಂಗಟೇ ಇರ್ತದ. ಎರಡು ವರ್ಷದ ಕೂಸದ. ವರ್ಷಕ್ಕ ನಾಕೈದು ಸಲ ಭೀಮಾ ದಂಡಿ ಮ್ಯಾಲಿನ ಹೊಲಕ್ಕ ಹೋಗ್ಲೇಬೇಕು, ಅಲ್ಲಿ ಕಡೀ ಎರಡು ಕಿಲೋಮೀಟರ್ ಡಾಂಬರ್ ಇಲ್ಲ. ಇಷ್ಟು ಗೊತ್ತಾದ ಮ್ಯಾಲೇ ಮಾತು ಮುಂದ ಹೋಗೋದು, ಯಾಕಂದ್ರ ಬೆಂಗಳೂರಿನಾಗ ಕೂತು ವಿಡಿಯೋ ಮಾಡೋರು ಹೇಳೋ ಗಾಡಿ ಅವರ ರೋಡಿಗಿ ಚಲೋನೇ ಇರ್ತದ, ಇಲ್ಲಿ ಮೇ ತಿಂಗಳದಾಗ 43, 44 ಡಿಗ್ರಿ ಬಿಸಲಿನಾಗ ಸಿಮೆಂಟ್ ಟ್ಯಾಂಕರ್ ಹಿಂದ ಧೂಳು ತಿಂತಾ ವಾಡಿ ಕಡಿ ಹೋಗೋ ಮಂದಿಗಿ ಬ್ಯಾರೆ ಲೆಕ್ಕಾ. ನನಗ ಭರೋಸಾ ಅಂದ್ರ ಇಷ್ಟೇ, ಆ ಬಿಸಲಿನಾಗ ಐದು ಮಂದಿ ಕೂತು ಎಸಿ ಹಾಕಿದ್ರೂ ಇಂಜಿನ್ ಬಿಸಿ ಆಗದೆ ಮನಿ ಮುಟ್ಟಬೇಕು, ಏನರ ಕೆಟ್ಟರ ಅದರ ಸಾಮಾನು ಅದೇ ದಿನ ಇಲ್ಲಾ ಮರುದಿನ ನಮ್ಮ ಊರಾಗೇ ಸಿಗಬೇಕು.

ರೊಕ್ಕದ ಮಾತು ಜಲ್ದಿ ಮುಗಸ್ತೀನಿ. 2025ರ ಸೆಪ್ಟೆಂಬರ್ 22ರಿಂದ ನಾಕು ಮೀಟರ್ ಒಳಗಿನ, 1200 ಸಿಸಿ ತನಕ ಇರೋ ಪೆಟ್ರೋಲ್, ಸಿಎನ್‌ಜಿ ಗಾಡಿಗಿ ಜಿಎಸ್‌ಟಿ ಸೆಕಡಾ 28ರಿಂದ 18ಕ್ಕ ಬಂದದ, ಮ್ಯಾಲಿನ ಸೆಸ್ಸೂ ಹೋಗ್ಯಾದ. ಆದ್ರ ನಮ್ಮ ರಾಜ್ಯದಾಗ ರೋಡ್ ಟ್ಯಾಕ್ಸ್ ಭಾಳ, 5ರಿಂದ 10 ಲಕ್ಷದ ಗಾಡಿಗಿ ಸೆಕಡಾ 14, ಅದರ ಮ್ಯಾಲ ಮತ್ತ ಸೆಸ್, ಅದಕ್ಕ ಪೇಪರಿನಾಗಿನ ಎಕ್ಸ್‌ಶೋರೂಮ್ ರೇಟ್, ಅಂದ್ರ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ರೇಟ್ ಹಿಡಕೊಂಡು ಮನ್ಯಾಗ ಲೆಕ್ಕಾ ಮಾಡಬ್ಯಾಡ್ರಿ. ಆನ್‌ರೋಡ್ ಕೊಟೇಶನ್ ಬರದು ಕೊಡ್ರಿ ಅಂತ ಕೇಳ್ರಿ, ಇನ್ಶೂರೆನ್ಸ್, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ ಒಂದೊಂದೂ ಬ್ಯಾರೆ ಸಾಲಿನಾಗ ಬರಬೇಕು.

ಈಗ ಗಾಡಿಗೋಳ ವಿಷಯ. ಒಂದು ಶನಿವಾರ ಅಕ್ಕ ದವಾಖಾನಿಗಿ ಬಂದಾಗ ಆಕಿನ್ನೇ ಕರ್ಕೊಂಡು ಹೋದ್ವಿ. ಆಕಿಗಿ ಕಾರ್ ಬಗ್ಗೆ ಏನೂ ಗೊತ್ತಿಲ್ಲ, ಆದ್ರ ಹತ್ತಿ ಇಳಿಯೋಳು ಆಕಿನೇ ಅಲ್ಲಾ, ಅದಕ್ಕ ನಾಕೂ ಗಾಡಿಯಾಗ ಆಕಿನ್ನ ಹಿಂದಿನ ಸೀಟಿನಾಗ ಕೂಡಿಸಿ, ಇಳಿಸಿ, ಮತ್ತ ಕೂಡಿಸಿ ನೋಡಿದ್ವಿ. ಶೋರೂಮಿನ ಹುಡುಗ ಮುಂದಿನ ಸ್ಕ್ರೀನ್ ತೋರ್ಸಾಕ ಕರೀತಿದ್ದ, ನಾ ಹಿಂದಿನ ಬಾಗಿಲ ಹತ್ರನೇ ನಿಂತೆ.

ಮೊದಲು ವ್ಯಾಗನ್ಆರ್. ಇದರ ಎತ್ತರ 1675 ಮಿಲಿಮೀಟರ್, ಸೀಟು ಕುರ್ಚಿ ಎತ್ತರಕ್ಕ ಬರ್ತದ. ಅಕ್ಕ ಬಾಗಿಲಕ್ಕ ಬೆನ್ನು ಮಾಡಿ ಮೊದಲು ಕೂತಳು, ಆಮ್ಯಾಲ ಎರಡೂ ಕಾಲು ಒಳಗ ತಗೊಂಡಳು, ತಲಿ ಬಗ್ಗಿಸೋ ಕೆಲಸಾನೇ ಬೀಳಲಿಲ್ಲ. ಮೊಣಕಾಲು ನೋವಿದ್ದವರು ಕಾರ್ ಹತ್ತೋದು ಹಿಂಗೇ, ಒಂದು ಕಾಲು ಒಳಗ ಇಟ್ಟು ಬಗ್ಗಿ ಹೋಗೋದು ಅವರಿಗಿ ಆಗೂದಿಲ್ಲ, ಅದಕ್ಕೇ ಸೀಟಿನ ಎತ್ತರ ಅವರ ಮೊಣಕಾಲಿಗಿ ಸಮ ಇಲ್ಲಾ ಜರಾ ಮ್ಯಾಲ ಇರಬೇಕು. ಡಿಕ್ಕಿ 341 ಲೀಟರ್, ವಾಕರ್ ಮಡಚಿ ನಿಂದ್ರಿಸಿದ್ರೂ ಜಾಗ ಉಳೀತದ, ಅಂದ್ರ ಪೆಟ್ರೋಲ್ ಗಾಡಿಯಾಗ; ಸಿಎನ್‌ಜಿ ತಗೊಂಡ್ರ ಆ ಜಾಗ ಸಿಲಿಂಡರೇ ನುಂಗ್ತದ. ಇಂಜಿನ್ ಎರಡು ಥರಾ ಅವ, 1 ಲೀಟರಿಂದು ಮೂರು ಸಿಲಿಂಡರ್, 1.2ದು ನಾಕು. ನಮ್ಮ ಬಿಸಲಿಗಿ ಎಸಿ ಹಾಕಿ ಪೂರಾ ಮಂದಿ ಕೂಡೋದಿದ್ರ 1.2 ತಗೊಳ್ರಿ ಅಂತೀನಿ, ಸಿಎನ್‌ಜಿ ಮಾತ್ರ 1 ಲೀಟರ್ ಇಂಜಿನ್ನಿಗೇ ಬರ್ತದ. ಹಿಂದ ಎಸಿ ವೆಂಟ್ ಇಲ್ಲ. ಈಗ ಆರೂ ಏರ್‌ಬ್ಯಾಗ್ ಎಲ್ಲಾ ವೇರಿಯಂಟಿಗಿ ಕೊಡ್ಲತ್ತಾರ, ಆದ್ರ 2023ರಾಗ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ, ಗಾಡಿ ಗುದ್ದಿಸಿ ನೋಡೋ ಟೆಸ್ಟಿನಾಗ ದೊಡ್ಡವರಿಗಿ ಒಂದೇ ಸ್ಟಾರ್, ಮಕ್ಕಳಿಗಿ ಸೊನ್ನೆ ಬಂದಿತ್ತು. ನನ್ನ ಗಾಡಿ ನನಗ ಏಳನೇ ವರ್ಷಕ್ಕೂ ಒಂದು ದಿನ ದಾರ್ಯಾಗ ಬಿಟ್ಟಿಲ್ಲ, ಊರೊಳಗ 16, ಹುಮನಾಬಾದ್ ಕಡಿ ಹೈವೇದಾಗ 20ರ ತನಕ ಕೊಡ್ತದ, ನಾ ಅದನ್ನ ಭಾಳ ಪ್ರೀತಿಲಿಂದ ಓಡಸ್ತೀನಿ, ಆದ್ರ ದಿನಾ ಲಾರಿ ನಡುವ 70 ಕಿಲೋಮೀಟರ್ ಹೋಗೋ ಹುಡುಗಗ, ಎರಡು ವರ್ಷದ ಕೂಸು ಇರೋ ಮನಿಗಿ ಇದನ್ನ ತಗೋ ಅನ್ನಾಕ ನನಗ ಬಾಯಿ ಬರಲಿಲ್ಲ.

ಎರಡನೇದು ಮಾರುತಿದೇ ಡಿಜೈರ್, 2024ರ ನವೆಂಬರಿನಾಗ ಬಂದ ಹೊಸಾದು. ಕಾಗದದ ಮ್ಯಾಲ ನೋಡಿದ್ರ ಇದೇ ಗೆಲ್ಲಬೇಕು. ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರಿಗಿ ಐದು ಸ್ಟಾರ್, ಮಕ್ಕಳಿಗಿ ನಾಕು, ಆರು ಏರ್‌ಬ್ಯಾಗ್, ಹಿಂದ ಎಸಿ ವೆಂಟ್, ಡಿಕ್ಕಿ 382 ಲೀಟರ್, ಸಿಎನ್‌ಜಿಯಾಗ ಕಂಪನಿ ಹೇಳೋ ಮೈಲೇಜ್ ಕೆಜಿಗೆ 33.73. ಈ ಗಾಡಿ ಟ್ಯಾಕ್ಸಿಯಾಗೂ ಭಾಳ ಓಡ್ತಾವ, ಹಿಂಗಾಗಿ ಸಾಮಾನು, ಮಿಸ್ತ್ರಿ ಎರಡಕ್ಕೂ ಕೊರತಿ ಇಲ್ಲ. ಅಕ್ಕ ಕೂತಳು, ಕೂತ ಮ್ಯಾಲ ಆರಾಮ ಅದ ಅಂದಳು. ಇಳಿಯೋವಾಗ ಏಳಾಕ ಆಗಲಿಲ್ಲ. ಒಂದು ಕೈ ಬಾಗಿಲಕ್ಕ, ಇನ್ನೊಂದು ಕೈ ಮಗನ ಹೆಗಲ ಮ್ಯಾಲ ಇಟ್ಟು "ಯಪ್ಪಾ ಇದು ಬ್ಯಾಡೋ, ನೆಲದ ಮ್ಯಾಲಿಂದ ಎದ್ದಂಗ ಆಗ್ತದ" ಅಂದಳು. ಅಲ್ಲಿಗಿ ಡಿಜೈರ್ ನಮ್ಮ ಲಿಸ್ಟಿನಿಂದ ಹೋಯ್ತು. ನಿಮ್ಮ ಮನ್ಯಾಗ ಮೊಣಕಾಲು ಗಟ್ಟಿ ಇದ್ದವರೇ ಇದ್ದಾರ, ಹೊಲದ ದಾರಿ ಇಲ್ಲ ಅಂದ್ರ ಮಾತ್ರ ಬ್ಯಾರೆ ಕಡಿ ನೋಡೋದೇ ಬ್ಯಾಡ, ಇದನ್ನೇ ತಗೊಳ್ರಿ.

ಹೊಲದ ದಾರಿ ಅಂದ್ನೆಲ್ಲಾ, ಅದನ್ನ ಜರಾ ಬಿಡಿಸಿ ಹೇಳಬೇಕು. ಎಳ್ಳ ಅಮಾಸಿಗಿ ಚರಗ ಚೆಲ್ಲಾಕ ಮನಿ ಮಂದಿಯೆಲ್ಲಾ ಹೊಲಕ್ಕ ಹೋಗ್ತೀವಿ, ಸಜ್ಜಿ ರೊಟ್ಟಿ, ಭಜ್ಜಿ, ಕಡಬಿನ ಬುಟ್ಟಿ ಡಿಕ್ಕಿ ತುಂಬ. ಮಳಿಗಾಲದಾಗ ಎರಿ ಮಣ್ಣು ಹಸಿ ಇದ್ದಾಗ ಟ್ರ್ಯಾಕ್ಟರ್ ಹೋಗಿ ಎರಡು ಗಾಲಿ ಜಾಗದಾಗ ಆಳ ಬಿದ್ದಿರ್ತದ, ಅಮಾಸಿ ಹೊತ್ತಿಗಿ ಅದೇ ಒಣಗಿ ಕಲ್ಲಿನಂಗ ಆಗಿರ್ತದ, ನಡುವಿನ ಮಣ್ಣಿನ ದಿಂಡು ಸೀದಾ ಗಾಡಿ ಹೊಟ್ಟಿಗಿ ಬಡೀತದ. ಹೋದ ವರ್ಷ ನನ್ನ ಗೆಳೆಯನ ಸಣ್ಣ ಕಾರ್, ಐದು ಮಂದಿ ಕೂತದ್ದಕ್ಕ ಹಿಂದ ಕುಂತು ಬಿಟ್ಟಿತ್ತು, ಢಬ್ ಅಂತ ಸಪ್ಪಳ ಆಯ್ತು, ಇಳಿದು ಬಗ್ಗಿ ನೋಡಿದ್ರ ಇಂಜಿನ್ ಆಯಿಲ್ ಕರೀ ಹನಿ ಹನಿಯಾಗಿ ಕಡ್ಲಿ ಗಿಡದ ಬುಡಕ್ಕ ಬೀಳ್ಲತ್ತಿತ್ತು. ಆಯಿಲ್ ಚೇಂಬರ್ ಒಡದಿತ್ತು. ಹಂಗ ಆದಾಗ ಗಾಡಿ ಚಾಲೂ ಮಾಡಲೇಬಾರ್ದು, ನಾವು ಎತ್ತಿನ ಬಂಡಿ ಕಟ್ಟಿ ರೋಡಿನ ತನಕ ಎಳಸಿದ್ವಿ. ಗ್ರೌಂಡ್ ಕ್ಲಿಯರೆನ್ಸ್, ಅಂದ್ರ ಗಾಡಿ ಹೊಟ್ಟಿಗೂ ನೆಲಕ್ಕೂ ನಡುವಿನ ಅಂತರ ಅನ್ನೋದು ಬ್ರೋಶರಿನಾಗ ಖಾಲಿ ಗಾಡಿದು ಇರ್ತದ, ಮಂದಿ ಕೂತ ಮ್ಯಾಲ ಅದು ಉಳಿಯೂದಿಲ್ಲ, ಇದು ನೆನಪಿಟ್ಟುಕೊಂಡು ನಂಬರ್ ನೋಡ್ರಿ: ಡಿಜೈರ್ 163 ಮಿಲಿಮೀಟರ್, ಹುಂಡೈ ಎಕ್ಸ್‌ಟರ್ 185, ಟಾಟಾ ಪಂಚ್ 187. ಊರೊಳಗಿನ ಡಾಂಬರಿಗಿ 165 ಸಾಕು. ಹೊಲದ ದಾರಿ ಇದ್ರ 180ರ ಕೆಳಗ ಇಳೀಬ್ಯಾಡ್ರಿ.

ಪಂಚ್ ಮತ್ತ ಎಕ್ಸ್‌ಟರ್ ಎರಡೂ ಉಳದ್ವು. ಖರೇ ಪೈಪೋಟಿ ಇದ್ದದ್ದೇ ಇಲ್ಲಿ.

ಪಂಚ್‌ದ ಹಿಂದಿನ ಬಾಗಿಲ ಪೂರಾ 90 ಡಿಗ್ರಿ ತೆರೀತದ, ಇದು ಸಣ್ಣ ಮಾತಲ್ಲ ನೋಡ್ರಿ, ಇಳಕಲ್ ಸೀರಿ ಉಟ್ಟು ಕೈಯಾಗ ವಾಕರ್ ಹಿಡದ ಹೆಣ್ಮಗಳಿಗಿ ಆ ಬಾಗಿಲ ಎಷ್ಟು ತೆರೀತದ ಅನ್ನೋದರ ಮ್ಯಾಲೇ ಎಲ್ಲಾ ಅದ. ಅಕ್ಕ ಯಾರ ಕೈನೂ ಹಿಡೀದೆ ಕೂತಳು, ಇಳದಳು. 2021ರಾಗ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರಿಗಿ ಐದು ಸ್ಟಾರ್, ಮಕ್ಕಳಿಗಿ ನಾಕು ಕೊಟ್ಟದ. ಡಿಕ್ಕಿ 366 ಲೀಟರ್, ಸಿಎನ್‌ಜಿಯಾಗ ಎರಡು ಸಣ್ಣ ಸಿಲಿಂಡರ್ ಕೆಳಗ ಮಲಗಿಸಿ ಮ್ಯಾಲ ಹಲಗಿ ಹಾಕ್ಯಾರ, ಹಂಗಾಗಿ 210 ಲೀಟರ್ ಜಾಗ ಉಳೀತದ, ವಾಕರ್ ಮಡಚಿ ಇಟ್ವಿ, ಹಿಡೀತು. ಇಂಜಿನ್ 1.2, ಮೂರು ಸಿಲಿಂಡರ್, ಸಿಗ್ನಲ್ಲಿಗಿ ನಿಂತಾಗ ಸ್ಟಿಯರಿಂಗಿನಾಗ ನಡುಕ ಗೊತ್ತಾಗ್ತದ, ಮೂರು ಸಿಲಿಂಡರ್ ಅಂದ್ರ ಅದು ಇದ್ದದ್ದೇ, ಅದು ದೋಷ ಅಲ್ಲ.

ಎಕ್ಸ್‌ಟರ್ 2023ರ ಜುಲೈದಾಗ ಬಂದದ. ನಾಕು ಸಿಲಿಂಡರ್ ಇಂಜಿನ್, ಚಾಲೂ ಅದನೋ ಇಲ್ಲೋ ಅನ್ನುವಷ್ಟು ಸುಮ್ಮಗಿರ್ತದ, ಹಿಂದ ಎಸಿ ವೆಂಟ್ ಅದ, ಡಿಕ್ಕಿ 391 ಲೀಟರ್, ಆರು ಏರ್‌ಬ್ಯಾಗ್ ಮೊದಲಿಂದಾನೇ ಎಲ್ಲಾ ವೇರಿಯಂಟಿಗಿ ಕೊಟ್ಟಾರ, ಎರಡು ಸಿಲಿಂಡರ್ ಸಿಎನ್‌ಜಿ ಇದರಾಗೂ 2024ರಿಂದ ಸಿಗ್ತದ. ಅಳಿಯ ಓಡಿಸಿ ನೋಡಿ ಇದಕ್ಕೇ ಮನಸ್ಸು ಕೊಟ್ಟ. ನಾನೂ ಬರೇ ಓಡಿಸೋ ಸುಖ ನೋಡೋದಿದ್ರ ಇದನ್ನೇ ಅಂತಿದ್ದೆ. ಪಂಚ್‌ದಾಗ ನಾವು ನೋಡಿದಾಗ ಎರಡೇ ಏರ್‌ಬ್ಯಾಗ್ ಇದ್ದು, ಹಿಂದಿನ ವೆಂಟ್ ಮ್ಯಾಲಿನ ವೇರಿಯಂಟಿಗಿ ಮಾತ್ರ. ಆರು ದೊಡ್ಡದಲ್ಲೇನು ಮಾಮಾ ಅಂತ ಕೇಳಿದ. ಏರ್‌ಬ್ಯಾಗ್ ಹೆಚ್ಚಿದ್ದಷ್ಟೂ ಚಲೋನೇ, ಆದ್ರ ಗುದ್ದಿದಾಗ ಮಂದಿ ಕೂತ ಡಬ್ಬಿ ಮುದುಡಿ ಹೋಗದೆ ನಿಲ್ಲಬೇಕು, ಅದು ನಿಂತ್ರ ಮಾತ್ರ ಬಲೂನಿಗಿ ಕೆಲಸ, ಅದಕ್ಕ ನಾ ಮೊದಲು ಟೆಸ್ಟ್ ರಿಪೋರ್ಟಿನಾಗ ಬಾಡಿ ಸ್ಟೇಬಲ್ ಅಂತ ಬಂದದನೋ ಇಲ್ಲೋ ನೋಡ್ತೀನಿ, ಎಣಿಕಿ ಆಮ್ಯಾಲ. ಮತ್ತ ಒಂದು ಮಾತು ಎಲ್ಲರಿಗೂ ಕೈ ಮುಗಿದು ಹೇಳ್ತೀನಿ: ಕೂಸಿನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಮುಂದಿನ ಸೀಟಿನಾಗ ಕೂಡಬ್ಯಾಡ್ರಿ. ಹಿಂದ ಐಸೋಫಿಕ್ಸ್ ಕೊಂಡಿ ಇರ್ತಾವ, ಚೈಲ್ಡ್ ಸೀಟ್ ಹಾಕ್ಸ್ರಿ, ಅದರ ಖರ್ಚು ಗಾಡಿ ಬಜೆಟ್ಟಿನಾಗೇ ಹಿಡೀರಿ.

ಉಳಿದ ಗಾಡಿಗೋಳು ಬೇಕಾದ್ರ: ಟೊಯೊಟಾ ಗ್ಲಾಂಜಾ ಅಂದ್ರ ಮಾರುತಿ ಬಲೆನೋನೇ, ಬಿಲ್ಲೆ ಬ್ಯಾರೆ, ಎರಡೂ ಚಲೋ, ಸೀಟು ತಗ್ಗು. ಹೋಂಡಾ ಅಮೇಜ್ ಊರೊಳಗ ಆಟೊಮ್ಯಾಟಿಕ್ ಬೇಕನ್ನೋರಿಗಿ, ಅದರ ಸಿವಿಟಿ ಅನ್ನೋ ಆಟೊಮ್ಯಾಟಿಕ್ ಗೇರ್, ಎಎಂಟಿ ಅನ್ನೋ ಇನ್ನೊಂದು ಥರದ ಆಟೊಮ್ಯಾಟಿಕ್ಕಿಗಿಂತ ಭಾಳ ನಯ. ಏಳು ಮಂದಿ ಮನಿ ಇದ್ರ ಇದ್ಯಾವ್ದೂ ಆಗೂದಿಲ್ಲ, ಎರ್ಟಿಗಾ ನೋಡ್ರಿ, ಆದ್ರ ಅದು ನಾಕು ಮೀಟರ್ ದಾಟಿದ ಗಾಡಿ, 18ರ ಜಿಎಸ್‌ಟಿ ಅದಕ್ಕ ಸಿಗೂದಿಲ್ಲ.

ಸಿಎನ್‌ಜಿ ಲೆಕ್ಕಾ ಒಂದು ಹಾಳಿ ಮ್ಯಾಲ ಮಾಡಿ ತೋರ್ಸಿದೆ. ಪೆಟ್ರೋಲ್ 103 ರೂಪಾಯಿ, ಗ್ಯಾಸ್ ಕೆಜಿಗೆ 90 ಅಂತ ಹಿಡೀರಿ. ಬ್ರೋಶರಿನಾಗ ಪಂಚ್, ಎಕ್ಸ್‌ಟರ್ ಸಿಎನ್‌ಜಿಗಿ 27 ಅಂತಾರ, ನಮ್ಮ ಎಸಿ ಖರ್ಚು ತೆಗೆದು 22 ಅಂತ ಬರೀರಿ, ಪೆಟ್ರೋಲಿಗಿ 16. ಕಿಲೋಮೀಟರಿಗಿ ಪೆಟ್ರೋಲ್ 6 ರೂಪಾಯಿ 44 ಪೈಸೆ, ಗ್ಯಾಸ್ 4 ರೂಪಾಯಿ 9 ಪೈಸೆ, ಉಳಿಯೋದು 2 ರೂಪಾಯಿ 35. ಸಿಎನ್‌ಜಿಗಿ ಮ್ಯಾಲ ಕೊಡೋದು 90 ಸಾವಿರ ಅಂತ ಹಿಡದ್ರ 38 ಸಾವಿರ ಕಿಲೋಮೀಟರಿಗಿ ಅದು ವಾಪಸ್ ಬರ್ತದ. ಅಳಿಯ ತಿಂಗಳಿಗಿ 1700 ಓಡಸ್ತಾನ, ಎರಡು ವರ್ಷದೊಳಗ ಬಂತು. ನಾ ತಿಂಗಳಿಗಿ 600 ಓಡಸೋನು, ನನಗ ಐದು ವರ್ಷದ ಮ್ಯಾಲ ಬೇಕು, ನಾ ಪೆಟ್ರೋಲೇ ಬರೋಬರಿ. ಆದ್ರ ಬುಕ್ಕಿಂಗಿಗಿ ಮೊದಲು ಒಂದು ವಾರ ನಿನ್ನ ದಾರ್ಯಾಗಿನ ಪಂಪಿಗಿ ಬ್ಯಾರೆ ಬ್ಯಾರೆ ಹೊತ್ತಿನಾಗ ಹೋಗಿ ಸಾಲು ಎಷ್ಟು ಉದ್ದ ಇರ್ತದ, ಗ್ಯಾಸ್ ಅದ ಅಂತಾರೋ ಇಲ್ಲ ಅಂತಾರೋ ಕಣ್ಣಿಲೆ ನೋಡ್ಕೊಂಡು ಬಾ ಅಂತ ಹೇಳೀನಿ. ಸಿಲಿಂಡರಿಗಿ ಮೂರು ವರ್ಷಕ್ಕೊಮ್ಮಿ ಹೈಡ್ರೋ ಟೆಸ್ಟ್, ಅಂದ್ರ ನೀರಿನ ಒತ್ತಡ ಹಾಕಿ ನೋಡೋ ಟೆಸ್ಟ್ ಮಾಡ್ಸಬೇಕು, ಅದರ ಸರ್ಟಿಫಿಕೇಟ್ ಗಾಡಿಯಾಗ ಇರಬೇಕು, ಇದು ಭಾಳ ಮಂದಿ ಮರೀತಾರ.

ಹಳೇ ಗಾಡಿ ಬಗ್ಗೆನೂ ಕೇಳಿದ, ಹೈದರಾಬಾದಿನಾಗ ಸೋವಿ ಸಿಗ್ತಾವಲ್ಲ ಅಂತ. ನಮ್ಮ ಕಾಕಾನ ಮಗ ಒಂದು ಡೀಸೆಲ್ ಗಾಡಿ ಅಲ್ಲಿಂದ ತಂದಿದ್ದ, ನೋಡಾಕ ಮಸ್ತ್ ಇತ್ತು. ಮನಿ ಜೇವರ್ಗಿ ರೋಡಿಗಿ, ಸಾಲಿ ಮೂರು ಕಿಲೋಮೀಟರ್, ಅಷ್ಟೇ ಓಡಾಟ. ಹೊಸಾ ಹೊಗಿ ನಿಯಮದ ಬಿಎಸ್6 ಡೀಸೆಲ್ ಗಾಡಿಯಾಗ ಮಸಿ ಹಿಡಿಯೋ ಡಿಪಿಎಫ್ ಅಂತ ಒಂದು ಫಿಲ್ಟರ್ ಇರ್ತದ, ಇಂಜಿನ್ ಜೋರು ಕಾಯ್ದು ಹೈವೇದಾಗ ಇಪ್ಪತ್ತು ಮೂವತ್ತು ನಿಮಿಷ ಓಡಿದ್ರೇ ಆ ಮಸಿ ಸುಟ್ಟು ಹೋಗ್ತದ, ಇಲ್ಲಾಂದ್ರ ಕಟ್ಟಿಕೊಂತದ. ಇವಂದು ಕಟ್ಟಿತು, ದೀಪ ಹತ್ತಿತು, ಗಾಡಿ ಎಳೀಲಾರದೆ ನಿಂತಿತು, ಫಿಲ್ಟರ್ ಬದಲಿ ಮಾಡ್ಸೋ ಖರ್ಚು ಕೇಳಿ ಕಾಕಾ ಎರಡು ದಿನ ಸರಿ ಊಟ ಮಾಡಲಿಲ್ಲ. ದಿನಾ ನೂರು ಕಿಲೋಮೀಟರ್ ಓಡೋರಿಗಿ ಬಿಟ್ರ ಡೀಸೆಲ್ ಬ್ಯಾಡ. ತೆಲಂಗಾಣ ಗಾಡಿ ತಂದ್ರ ಅಲ್ಲಿನ ಆರ್‌ಟಿಒದ ಒಪ್ಪಿಗಿ ಕಾಗದ, ಎನ್‌ಒಸಿ ಬೇಕು, ಹನ್ನೆರಡು ತಿಂಗಳ ಮ್ಯಾಲ ಇಲ್ಲೇ ಇಡೋದಿದ್ರ ನಮ್ಮ ನಂಬರ್ ಮಾಡ್ಸಿ ಇಲ್ಲಿನ ಟ್ಯಾಕ್ಸ್ ತುಂಬಬೇಕು, ಅದೆಲ್ಲಾ ಕೂಡಿಸಿದ ಮ್ಯಾಲ ಸೋವಿ ಎಷ್ಟು ಉಳೀತದ ನೋಡ್ರಿ. ಮತ್ತ 2020ರ ಅಕ್ಟೋಬರಿನಾಗ ಹೈದರಾಬಾದಿನಾಗ ದೊಡ್ಡ ನೀರು ಬಂದು ರಗಡ್ ಗಾಡಿ ಮುಳುಗಿದ್ವು, ಅದಕ್ಕ ಹಳೇ ಗಾಡಿ ನೋಡಾಕ ಹೋದ್ರ ಸೀಟ್ ಬೆಲ್ಟ್ ಕಡೀ ತನಕ ಎಳದು ನೋಡ್ರಿ. ನೀರಿನಾಗ ನಿಂತ ಗಾಡಿ ಇದ್ರ ಬೆಲ್ಟಿನ ಕಡೀ ಗೇಣಿನಾಗ ಮಣ್ಣಿನ ಗೆರಿ ಉಳದಿರ್ತದ, ಎಷ್ಟು ತೊಳದ್ರೂ ಅದು ಹೋಗೂದಿಲ್ಲ.

ತಗೊಂಡ ಮ್ಯಾಲಿನ ಮಾತೂ ಭರೋಸಾದಾಗೇ ಬರ್ತದ. ಈಗ ಎಲ್ಲಾ ದೊಡ್ಡ ಕಂಪನಿ ಮೂರು ವರ್ಷ ವಾರಂಟಿ ಕೊಡ್ತಾವ, ಮಾರುತಿನೂ 2024ರ ಜುಲೈದಿಂದ ಮೂರು ವರ್ಷ ಇಲ್ಲಾ ಒಂದು ಲಕ್ಷ ಕಿಲೋಮೀಟರ್ ಮಾಡ್ಯಾದ, ಅದಕ್ಕ ವಾರಂಟಿ ನೋಡಿ ಆರಿಸೋ ಕಾಲ ಹೋಯ್ತು, ಸರ್ವಿಸ್ ಸೆಂಟರ್ ನಿಮ್ಮ ಮನಿಗಿ ಎಷ್ಟು ದೂರ ಅದ ನೋಡ್ರಿ, ಅಲ್ಲಿ ಮುಂಜಾನಿ ಹೋಗಿ ಗಾಡಿ ಬಿಟ್ಟವರನ್ನೇ ಹೊರಗ ನಿಂತು ಮಾತಾಡ್ಸ್ರಿ. ನನಗ ಮೊದಲಿನ ಗಾಡಿಯಾಗ ಒಂದು ಗ್ಯಾರೇಜಿನವ್ರು ಇಂಜಿನ್ ತಂಪಿಡೋ ಕೂಲಂಟ್ ಬದಲಿ ಬೋರಿನ ನೀರು ತುಂಬಿದ್ರು, ನಮ್ಮ ಕಡಿ ಬೋರಿನ ನೀರು ಕೊಡದಾಗ ಇಟ್ರೇ ಬೆಳ್ಳಗ ಪದರ ಕಟ್ತದ, ರೇಡಿಯೇಟರಿನ ಸಣ್ಣ ನಳಿಗೋಳು ಬಿಟ್ಟಾವೇನು, ಎರಡನೇ ಬ್ಯಾಸಿಗಿಗಿ ಇಂಜಿನ್ ಕಾಯ್ದು ಹೆಡ್ ಗ್ಯಾಸ್ಕೆಟ್ ಹೋಯ್ತು. ಆಯಿಲ್ ಕೂಡ ಹಂಗೇ, ಈಗಿನ ಮಾರುತಿ ಪೆಟ್ರೋಲ್ ಇಂಜಿನ್ನಿಗಿ 0ಡಬ್ಲ್ಯೂ-16 ಅಂತ ನೀರಿನಂಥ ತೆಳು ಆಯಿಲ್ ಬೇಕು, ಬಿಸಲು ಭಾಳ ಅಂತ ದಪ್ಪಂದು ಹಾಕ್ತೀನಿ ಅಂದ್ರ ಬ್ಯಾಡ ಅನ್ರಿ, ಪುಸ್ತಕದಾಗ ಬರದದ್ದೇ ಹಾಕ್ಸ್ರಿ. 2023ರ ಏಪ್ರಿಲಿಗಿಂತ ಹಳೇ ಗಾಡಿ ಇದ್ದವರು ಅದೇ ಪುಸ್ತಕದಾಗ ಇ20, ಅಂದ್ರ ಸೆಕಡಾ 20 ಇಥೆನಾಲ್ ಬೆರಸಿದ ಪೆಟ್ರೋಲ್ ನಡೀತದನೋ ಇಲ್ಲೋ ಅದೂ ನೋಡ್ಕೊಳ್ರಿ.

ಇಲಿ ಬಗ್ಗೆ ಯಾರೂ ಬರಿಯೂದಿಲ್ಲ. ತೊಗರಿ ರಾಶಿ ಆದ ಮ್ಯಾಲ ಹೊಲದ ಇಲಿ ಮನಿ ಕಡಿ ಬರ್ತಾವ, ಜನವರಿಯಾಗ ಒಂದು ಮುಂಜಾನಿ ನನ್ನ ಗಾಡಿ ಚಾಲೂನೇ ಆಗಲಿಲ್ಲ, ಬಾನೆಟ್ ಎತ್ತಿದ್ರ ಬ್ಯಾಟರಿ ಮ್ಯಾಲ ತೊಗರಿ ಹೊಟ್ಟು, ಅರಿವಿ ಚೂರು, ಒಂದು ಕೂಸಿನ ಕಾಲುಚೀಲ, ಗೂಡೇ ಕಟ್ಟಿತ್ತು, ಪಕ್ಕದಾಗ ವೈರ್ ಬತ್ತಲಾಗಿ ತಾಮ್ರ ಹೊಳೀಲತ್ತಿತ್ತು. ಆವತ್ತಿಂದ ಸಂಜಿಗಿ ಬಂದ ಮ್ಯಾಲ ಬಾನೆಟ್ ಅರ್ಧ ತಾಸು ತೆರದು ಇಡ್ತೀನಿ, ಒಳಗ ತಂಬಾಕಿನ ಎಲಿ ಕಟ್ಟೀನಿ, ಕೆಳಗ ಸಣ್ಣ ಜಾಳಗಿ ಹಾಕ್ಸೀನಿ, ಮತ್ತ ಬಂದಿಲ್ಲ.

ಅಳಿಯ ಕಡೀಗಿ ಪಂಚ್ ಸಿಎನ್‌ಜಿ ಬಿಳೇದು ಬುಕ್ ಮಾಡ್ಯಾನ. ಎಕ್ಸ್‌ಟರ್ ಬಿಡಾಕ ಅವನಿಗಿ ಎರಡು ದಿನ ಹಿಡೀತು, ಆದ್ರ ಅಕ್ಕ ಆ ಬಾಗಿಲಿನಾಗ ಕೈ ಹಿಡೀದೆ ಇಳದದ್ದು ಅವನೂ ನೋಡಿದ್ದ. ಡೆಲಿವರಿ ದಿನಾ ಪೂಜಿ, ಹಾರ, ಫೋಟೋಕ್ಕಿಂತ ಮೊದಲು, ನಂಬರ್ ಮಾಡ್ಸೋಕ್ಕಿಂತಾನೂ ಮೊದಲು ಯಾರ್ಡಿಗಿ ಹೋಗಿ ನೋಡು ಅಂತ ಹೇಳೀನಿ: ಗಾಡಿ ಯಾವ ತಿಂಗಳದಾಗ ತಯಾರಾಗ್ಯಾದ, ಕೆಎಂ ಎಷ್ಟದ, ಬಾಗಿಲ ರಬ್ಬರ್ ಒಳಗ ಬಣ್ಣ ಸಮ ಅದನೋ ಇಲ್ಲೋ, ಎಸಿ ಹತ್ತು ನಿಮಿಷ ಬಿಸಲಿನಾಗೇ ಹಾಕಿ ಹಿಂದಿನ ಸೀಟಿನಾಗ ನೀನೇ ಕೂತು ನೋಡು. ಟೈರಿನ ಮ್ಯಾಲ ನಾಕು ಅಂಕಿ ಇರ್ತಾವ, 3225 ಅಂದ್ರ 2025ರ 32ನೇ ವಾರದಾಗ ಆದದ್ದು, ಐದೂ ಟೈರಿಂದು ಫೋಟೋ ತಗದು ನನಗ ಕಳಸು, ಸ್ಟೆಪ್ನಿ ಮರೀಬ್ಯಾಡ.